ಏರೋಸ್ಪೇಸ್ ಸೀಟಿಗೆ ಅಜ್ಜಿ ಬಿಟ್ಟ ಚಹಾ

ನಾನು ಹನ್ನೊಂದನೆಯ ತರಗತಿಗೆ ಸೇರಿದ ದಿನ ನಮ್ಮಜ್ಜಿ ಚಹಾ ಬಿಟ್ಟಳು. ದೇವರ ಮುಂದೆ ದೀಪ ಹಚ್ಚಿ, ಸೆರಗು ಹೊದ್ದು, ಅಡುಗೆಮನೆಯಲ್ಲಿದ್ದ ಅಮ್ಮನಿಗೂ ಹೊರಗೆ ಪೇಪರ್ ಓದುತ್ತಿದ್ದ ಅಪ್ಪನಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ ಹೇಳಿದಳು: "ನನ್ನ ಮೊಮ್ಮಗಳಿಗೆ ಆ ವಿಮಾನದ ಕಾಲೇಜಿನ್ಯಾಗ ಸೀಟು ಸಿಗೋತನಾ ನಾ ಚಹಾ ಮುಟ್ಟಂಗಿಲ್ಲ, ನೋಡ್ಕೋ ನನ್ನಪ್ಪಾ." ದೇವರು ನೋಡಿಕೊಂಡನೋ ಇಲ್ಲವೋ ಗೊತ್ತಿಲ್ಲ. ನಾನಂತೂ ಅಂದೇ ಸಿಕ್ಕಿಬಿದ್ದೆ.

ಚಹಾ ಬಿಡುವುದು ಏನು ಮಹಾ ಎಂದು ಕೇಳುವವರು ಧಾರವಾಡದ ಕಡೆಯ ಹೆಂಗಸರನ್ನು ಹತ್ತಿರದಿಂದ ನೋಡಿಲ್ಲ. ಅಜ್ಜಿಗೆ ಹಲ್ಲು ತಿಕ್ಕಿದ ಕೂಡಲೇ ಒಂದು ಚಹಾ, ಸ್ನಾನವಾದ ಮೇಲೆ ಒಂದು, ಯಾರಾದರೂ ಬಂದರೆ ಒಂದು, ಯಾರೂ ಬರಲಿಲ್ಲವಲ್ಲ ಎಂಬ ಬೇಸರಕ್ಕೆ ಇನ್ನೊಂದು. ಹಿಂದೆ ಕಾಶಿಗೆ ಹೋದಾಗ, ಪ್ರೀತಿಯ ಪದಾರ್ಥವೊಂದನ್ನು ಅಲ್ಲಿ ಬಿಟ್ಟು ಬರಬೇಕೆಂಬ ಪದ್ಧತಿಯಂತೆ, ಆಕೆ ಹಾಗಲಕಾಯಿ ಬಿಟ್ಟು ಬಂದಿದ್ದಳು. ಹುಟ್ಟಿದಾಗಿನಿಂದ ಹಾಗಲಕಾಯಿ ಬಾಯಿಗಿಟ್ಟವಳಲ್ಲ! "ಗಂಗವ್ವಗೇನ್ ಗೊತ್ತಾಗತದ ಬಿಡು" ಎಂದು ನಗುತ್ತಿದ್ದಳು. ಅಂಥವಳು ನನ್ನ ಸಲುವಾಗಿ ನಿಜವಾಗಿ ಪ್ರೀತಿಯ ಪದಾರ್ಥವನ್ನೇ ಬಿಟ್ಟಳಲ್ಲ ಎಂದು ಅಪ್ಪ ಅಮ್ಮ ಇಬ್ಬರೂ ಕಣ್ಣೊರೆಸಿಕೊಂಡರು. ನಾನು ಬ್ಯಾಗು ಹೆಗಲಿಗೇರಿಸಿ ನಿಂತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಬಿಡುವುದು ಅಂಟುರೋಗ ಎಂದು ಆಗ ಗೊತ್ತಾಯಿತು. ಅಜ್ಜಿಯ ಹಿಂದೆಯೇ ಅಪ್ಪ ಕ್ರಿಕೆಟ್ ಬಿಟ್ಟ. ಟೀವಿಯ ಪ್ಲಗ್ಗು ಕಿತ್ತು ಅದರ ಮೇಲೆ ಹಾಸಿಗೆಯ ಹಳೆಯ ಚಾದರ ಹೊದಿಸಿದ. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಹುಡುಗಿಯರಿಗೆ ಸಂಜೆ ಸಂಗೀತ ಹೇಳಿಕೊಡುತ್ತಿದ್ದ ಅಮ್ಮ, ನನ್ನ ಓದಿಗೆ ಗದ್ದಲವಾಗುತ್ತದೆಂದು ಹಾರ್ಮೋನಿಯಂ ಮುಚ್ಚಿ ಮಂಚದ ಕೆಳಗೆ ತಳ್ಳಿದಳು. ನಾನೂ ಏನಾದರೂ ಬಿಡಬೇಕಲ್ಲ? ನಾನು ಬಿಡಬೇಕಾದ್ದು ಯಾವುದೆಂದು ಅವರೇ ನಿಶ್ಚಯಿಸಿದ್ದರು. ನಾನು ಬಿಡಬೇಕಾದ್ದು ವಿಮಾನ.

ತಮಾಷೆ ಮಾಡುತ್ತಿಲ್ಲ. ನಮ್ಮ ಮನೆ ಪುಣೆಯ ಮಗರಪಟ್ಟಾದ ಎತ್ತರದ ಕಟ್ಟಡವೊಂದರಲ್ಲಿ. ಅಪ್ಪನ ಆಫೀಸು ಅಲ್ಲೇ, ನಡೆದು ಹೋಗುವಷ್ಟು ದೂರ. ಬಾಲ್ಕನಿಯಲ್ಲಿ ನಿಂತರೆ ಹಡಪಸರದ ಕಡೆ ಗ್ಲೈಡರ್‌ಗಳು ಹಾರುವುದು ಕಾಣುತ್ತಿತ್ತು. ಗ್ಲೈಡರ್ ಎಂದರೆ ಎಂಜಿನ್ನೇ ಇಲ್ಲದ ಪುಟ್ಟ ವಿಮಾನ. ಮೈದಾನದ ಆ ತುದಿಯಲ್ಲಿ ಒಂದು ಯಂತ್ರ ಉದ್ದನೆಯ ಹಗ್ಗವನ್ನು ಸರಸರ ಸುತ್ತಿಕೊಳ್ಳುತ್ತದೆ, ಈ ತುದಿಯಲ್ಲಿ ಗ್ಲೈಡರ್ ಗಾಳಿಪಟದ ಹಾಗೆ ಮೇಲೇಳುತ್ತದೆ, ಮೇಲೆ ಹೋದ ಮೇಲೆ ಹಗ್ಗ ಕಳಚಿ ಬೀಳುತ್ತದೆ. ಆಮೇಲೆ ಬರೀ ಗಾಳಿ. ಇದನ್ನು ನೋಡುತ್ತಲೇ ನಾನು ದೊಡ್ಡವಳಾದದ್ದು. ಥರ್ಮಾಕೋಲು, ಬಿದಿರು ಕಡ್ಡಿ, ಮಿಠಾಯಿ ಪೆಟ್ಟಿಗೆಯ ರಟ್ಟು, ಏನು ಸಿಕ್ಕರೂ ರೆಕ್ಕೆ ಮಾಡುತ್ತಿದ್ದೆ. ಮೂಗಿಗೆ ಎಷ್ಟು ಭಾರ ಕಟ್ಟಿದರೆ ನೆಟ್ಟಗೆ ಹೋಗುತ್ತದೆ, ಬಾಲ ಎಷ್ಟು ಎತ್ತಿದರೆ ಮುಗ್ಗರಿಸುತ್ತದೆ ಎಂದು ಕೆಳಗಿನ ಹುಲ್ಲುಹಾಸಿನಲ್ಲಿ ಹಾರಿಸಿ ಹಾರಿಸಿ ನೋಡುತ್ತಿದ್ದೆ. "ನಾನು ವಿಮಾನ ಮಾಡ್ತೀನಿ" ಎಂದು ಊಟಕ್ಕೆ ಕೂತಾಗ ಹೇಳಿದವಳೂ ನಾನೇ. ಆ ಮಾತನ್ನು ಅಪ್ಪ ಹಿಡಿದುಕೊಂಡ. ಹುಡುಕಿ ನೋಡಿ, ಅದಕ್ಕೆ ಏರೋಸ್ಪೇಸ್ ಇಂಜಿನಿಯರಿಂಗ್ ಎನ್ನುತ್ತಾರೆ, ಸರಕಾರಿ ದೊಡ್ಡ ಸಂಸ್ಥೆಗಳಲ್ಲಿ ಸೀಟು ಬೆರಳೆಣಿಕೆಯಷ್ಟು, ಅದಕ್ಕೆ ಪ್ರವೇಶ ಪರೀಕ್ಷೆ, ಅದಕ್ಕೆ ಶಿವಾಜಿನಗರದಲ್ಲಿ ಕೋಚಿಂಗ್ ಎಂದು ಒಂದೊಂದಾಗಿ ಕೊಂಡಿ ಹಾಕಿದ.

ಕೋಚಿಂಗಿನವರು ಮೊದಲ ದಿನವೇ ಪಾಲಕರನ್ನು ಕರೆದು, ಮಕ್ಕಳ ಗಮನ ಬೇರೆಡೆ ಸೆಳೆಯುವ ವಸ್ತುಗಳನ್ನೆಲ್ಲ ಎತ್ತಿಡಿ ಎಂದರು. ಬೇರೆಯವರ ಮನೆಯಲ್ಲಿ ಮೊಬೈಲು, ಗಿಟಾರು ಎತ್ತಿಟ್ಟರು. ನಮ್ಮ ಮನೆಯಲ್ಲಿ ನನ್ನ ಗ್ಲೈಡರ್‌ಗಳು ಬಾತ್‌ರೂಮಿನ ಮೇಲಿನ ಅಟ್ಟಕ್ಕೆ ಹೋದವು. ಬಾಲ್ಕನಿಗೆ ದಪ್ಪ ಪರದೆ ಬಂತು. "ವಿಮಾನದ ಕಾಲೇಜು ಸೇರೋತನಾ ವಿಮಾನ ಬ್ಯಾಡ, ಆಮ್ಯಾಲ ಜನ್ಮಪೂರ್ತಿ ಅದನ್ನ ನೋಡೂದದ" ಎಂದ ಅಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅಕ್ಕರೆ ಇತ್ತು. ಅಕ್ಕರೆಯ ಜೊತೆ ಜಗಳವಾಡುವುದು ಹೇಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಹೆಸರಿಗೆ ಒಂದು ಜೂನಿಯರ್ ಕಾಲೇಜಿನ ವಿದ್ಯಾರ್ಥಿನಿ. ಆ ಕಾಲೇಜಿಗೂ ಕೋಚಿಂಗಿಗೂ ಒಳಗೊಳಗೇ ಮಾತಾಗಿತ್ತು. ಹಾಜರಿ ಅಲ್ಲಿ, ನಾವು ಇಲ್ಲಿ. ಬೆಳಗಾದರೆ ಸಿಟಿ ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋಗಿ, ಕೋರ್ಟಿನ ಕರಿಕೋಟುಗಳ ನಡುವೆ ದಾರಿ ಮಾಡಿಕೊಂಡು, ಒಂದು ಕಟ್ಟಡದ ಮೆಟ್ಟಿಲು ಹತ್ತಿದರೆ ಸಂಜೆಯವರೆಗೆ ಅಲ್ಲೇ. ತರಗತಿಯ ಕಿಟಕಿಗಳಿಗೆ ಕೋಚಿಂಗಿನವರದೇ ಜಾಹೀರಾತು ಅಂಟಿಸಿದ್ದರು. ಹೊರಗಿನವರಿಗೆ ರ‍್ಯಾಂಕು ಬಂದವರ ನಗುಮುಖ ಕಾಣಿಸಬೇಕಲ್ಲ! ಒಳಗಿದ್ದ ನಮಗೆ ಆ ಮುಖಗಳ ಬೆನ್ನಿನ ಬಿಳಿ ಅಂಟು ಮಾತ್ರ. ಹೊರಗೆ ಮಳೆಯೋ ಬಿಸಿಲೋ ತಿಳಿಯುತ್ತಿರಲಿಲ್ಲ. ಹಗಲೆಲ್ಲ ಟ್ಯೂಬ್‌ಲೈಟು, ಏಸಿಯ ಗುಂಯ್‌ಗುಡುವಿಕೆ, ಪಕ್ಕದವಳ ನೆಗಡಿ. ಪರೀಕ್ಷೆ ಆದಾಗಲೆಲ್ಲ ಅಂಕಗಳ ಪ್ರಕಾರ ಕೂರುವ ಜಾಗ ಬದಲಾಗುತ್ತಿತ್ತು. ಯಾರ ಜೊತೆಗಾದರೂ ಸ್ವಲ್ಪ ಮಾತು ಬೆಳೆಯಿತು ಎನ್ನುವಷ್ಟರಲ್ಲಿ ಒಬ್ಬರು ಮುಂದೆ, ಒಬ್ಬರು ಹಿಂದೆ.

ಇನ್ನು ಪಾಠ. ಅಯ್ಯೋ, ಆ ಪಾಠ! ವಿಮಾನ ಓದಲು ಹೋದವಳಿಗೆ ಅಲ್ಲಿ ಎದುರಾದ ವಿಮಾನ ಒಂದೇ ಬಗೆಯದು. ಅದು ನೆಲಕ್ಕೆ ಸಮಾಂತರವಾಗಿ, ಒಂದೇ ವೇಗದಲ್ಲಿ ಹೋಗುತ್ತಿರುತ್ತದೆ. ಅದರಿಂದ ಒಂದು ಪೊಟ್ಟಣ ಬೀಳುತ್ತದೆ. ಪೊಟ್ಟಣ ಎಲ್ಲಿ ಬಿತ್ತು, ಹೇಳಿ. ಎರಡು ವರ್ಷ ನಾನು ಪೊಟ್ಟಣ ಬೀಳಿಸಿದ್ದೇ ಬೀಳಿಸಿದ್ದು. ಆ ವಿಮಾನಕ್ಕೆ ರೆಕ್ಕೆ ಇದೆಯೇ, ಅದು ಯಾಕೆ ಬೀಳುತ್ತಿಲ್ಲ ಎಂದು ಯಾರೂ ಕೇಳಲಿಲ್ಲ. ಒಮ್ಮೆ ನಾನು ಕೇಳಿದೆ. ಫಿಸಿಕ್ಸಿನ ಸರ್ ಗಡಿಯಾರ ನೋಡಿ, "ಬೇಟಾ, ಸಿಲೆಬಸ್ ಮೇ ನಹೀ ಹೈ, ಪ್ಲೇನ್ ಕೋ ಪಾಯಿಂಟ್ ಮಾನ್ ಲೋ" ಎಂದರು. ಸಿಲೆಬಸ್ಸಿನಲ್ಲಿಲ್ಲ, ವಿಮಾನವನ್ನು ಒಂದು ಚುಕ್ಕೆ ಎಂದುಕೋ. ಅಂದುಕೊಂಡೆ. ಅವತ್ತು ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತು ಸುಮ್ಮನೆ ಅತ್ತೆ. ಎದುರಿಗೆ ಕೂತಿದ್ದ ಹೆಂಗಸು ನೋಡಿ ಮುಖ ತಿರುಗಿಸಿಕೊಂಡಳು.

ಮನೆಯಲ್ಲಿ ಇತ್ತ ಅಜ್ಜಿಗೆ ತಲೆನೋವು. ಚಹಾ ಬಿಟ್ಟ ಮರುದಿನದಿಂದ ಶುರುವಾದದ್ದು ನಿಲ್ಲಲಿಲ್ಲ. ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು, ಎಲ್ಲದಕ್ಕೂ ಸಿಡಿಮಿಡಿ. ಸಾರಿಗೆ ಉಪ್ಪು ಜಾಸ್ತಿ, ಫ್ಯಾನಿನ ಸಪ್ಪಳ ಜಾಸ್ತಿ, ಲಿಫ್ಟಿನಲ್ಲಿ ಮರಾಠಿ ಹುಡುಗಿಯರ ನಗು ಜಾಸ್ತಿ. "ನನ್ನ ಸಲುವಾಗಿ ಅಲ್ಲೇನಜ್ಜಿ, ಬಿಟ್ಟುಬಿಡು ಹರಕಿ, ಒಂದ್ ಕಪ್ ಕುಡಿ" ಎಂದರೆ ಕಣ್ಣು ಕೆಂಪಗೆ ಮಾಡುತ್ತಿದ್ದಳು. "ದೇವರ ಮುಂದ ಆಡಿದ ಮಾತು, ಏನಂತ ತಿಳದೀ? ನೀ ಓದು. ನಿನ್ನ ಕೆಲಸ ನೀ ಮಾಡು."

ಕೊನೆಗೆ ಅಮ್ಮ ಒಂದು ಕಷಾಯ ಮಾಡಿಕೊಡಲು ಶುರುಮಾಡಿದಳು. ಜೀರಿಗೆ, ಕೊತ್ತಂಬರಿ, ಶುಂಠಿ, ಮೆಣಸು, ಬೆಲ್ಲ. ಅದೆಂಥ ಗುಣವೋ, ಒಂದು ವಾರದೊಳಗೆ ಅಜ್ಜಿಯ ತಲೆನೋವು ಮಾಯ. ತಲೆಯ ಬಟ್ಟೆ ಬಿಚ್ಚಿದಳು, ಸಾರಿನ ಉಪ್ಪು ಸರಿಹೋಯಿತು. ಬೆಳಗ್ಗೆ ಒಂದು ಲೋಟ, ಮಧ್ಯಾಹ್ನ ಒಂದು ಲೋಟ. "ನನ್ನ ಸೊಸಿ ಕಷಾಯ ಅಂದ್ರ ಅಮೃತ ನೋಡು" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಅತ್ತೆಯ ಬಾಯಿಂದ ಇಂಥ ಮಾತು ಕೇಳಿ ಅಮ್ಮ ಯಾಕೋ ನೆಲ ನೋಡುತ್ತಿದ್ದಳು. ನಾಚಿಕೆ ಎಂದುಕೊಂಡೆ.

ಅಜ್ಜಿಯ ಹರಕೆ ಇಡೀ ಸೊಸೈಟಿಗೆ ಗೊತ್ತಾಯಿತು. ಸಂಜೆ ಗಿಡಗಳ ಹತ್ತಿರದ ಬೆಂಚಿನಲ್ಲಿ ಕೂರುವ ಮರಾಠಿ ಆಜಿಯರು ಫ್ಲಾಸ್ಕಿನಿಂದ ಚಹಾ ಬಗ್ಗಿಸುವಾಗ ನಮ್ಮಜ್ಜಿ ಕೈ ಅಡ್ಡ ಹಿಡಿದು, "ನಕೋ ಹೋ, ನಾತೀಸಾಠೀ ಸೋಡಲಾಯ್" ಎನ್ನುತ್ತಿದ್ದಳು, ಮೊಮ್ಮಗಳಿಗಾಗಿ ಬಿಟ್ಟಿದ್ದೇನೆ ಎಂದು. ಅವರೆಲ್ಲ ತಿರುಗಿ ನನ್ನನ್ನು ನೋಡುತ್ತಿದ್ದರು. ಗೇಟಿನ ವಾಚ್‌ಮನ್ ಕೂಡ ನಾನು ಬಸ್ಸಿಳಿದು ಬಂದರೆ, "ಕಾಯ್ ತಾಯೀ, ಅಭ್ಯಾಸ ಚಾಲೂ ಆಹೇ ನಾ? ಆಜೀಂಚಾ ಚಹಾ ಅಡಕಲಾಯ್" ಎಂದು ನೆನಪಿಸುತ್ತಿದ್ದ. ಓದು ನಡೆದಿದೆಯಲ್ಲ, ಅಜ್ಜಿಯ ಚಹಾ ನಿಂತಿದೆ! ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಹಲ್ಲು ಕಚ್ಚಿ ಲಿಫ್ಟು ಹತ್ತುತ್ತಿದ್ದೆ. ಅಷ್ಟು ಜನ ನನ್ನ ಒಳ್ಳೆಯದನ್ನೇ ಬಯಸುತ್ತಿದ್ದರು. ತಪ್ಪಿಸಿಕೊಳ್ಳಲು ಎಲ್ಲಿಯೂ ಒಂದು ಬಾಗಿಲು ಇರಲಿಲ್ಲ.

ಹನ್ನೆರಡನೆಯ ತರಗತಿಯ ಮಧ್ಯದಲ್ಲಿ ಒಂದು ಬೆಳಗ್ಗೆ ನಾನು ಶಿವಾಜಿನಗರದ ಬಸ್ಸು ಹತ್ತಲಿಲ್ಲ. ಯೋಚನೆ ಮಾಡಿ ಮಾಡಿದ್ದಲ್ಲ. ಬಸ್ಸು ಬಂತು, ಬಾಗಿಲು ತೆರೆಯಿತು, ಕಾಲು ಏಳಲಿಲ್ಲ. ಬಸ್ಸು ಹೋಯಿತು. ನಾನು ಎದುರು ದಿಕ್ಕಿಗೆ ನಡೆದೆ. ಇಂದಾಪುರದ ಕೆಂಪು ಬಸ್ಸುಗಳು ಧೂಳೆಬ್ಬಿಸಿ ಹೋಗುವ ಸೊಲ್ಲಾಪುರ ಹೆದ್ದಾರಿ ದಾಟಿ, ಗ್ಲೈಡರ್ ಮೈದಾನದ ಬೇಲಿಯ ಹತ್ತಿರ ಹೋಗಿ ನಿಂತೆ. ಇಷ್ಟು ವರ್ಷ ಮೇಲಿನಿಂದ, ದೂರದಿಂದ ನೋಡಿದ್ದೆ. ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬಿಳಿಯ ಗ್ಲೈಡರ್ ಒಂದು ರೆಕ್ಕೆಯನ್ನು ಹುಲ್ಲಿಗೆ ಊರಿಕೊಂಡು ನಿಂತಿತ್ತು. ಒಬ್ಬರು ಬಂದು ರೆಕ್ಕೆಯ ತುದಿ ಹಿಡಿದೆತ್ತಿ ಸಮ ಮಾಡಿದರು. ಹಗ್ಗ ಬಿಗಿಯಿತು. ಆ ಮನುಷ್ಯ ರೆಕ್ಕೆ ಹಿಡಿದುಕೊಂಡೇ ನಾಲ್ಕು ಹೆಜ್ಜೆ ಓಡಿ ಕೈಬಿಟ್ಟರು. ಅಷ್ಟೇ, ಅದು ಎದ್ದೇಬಿಟ್ಟಿತು! ಚುಕ್ಕೆಯಲ್ಲ ಅದು. ಅದಕ್ಕೆ ಉದ್ದನೆಯ ರೆಕ್ಕೆ ಇತ್ತು, ಹಾರುವಾಗ ಆ ರೆಕ್ಕೆ ಸ್ವಲ್ಪ ಮೇಲಕ್ಕೆ ಬಾಗಿತ್ತು, ಹಾಗೆ ಬಾಗುವುದು ಯಾಕೆಂದು ನನಗೆ ತಿಳಿಯಬೇಕಾಗಿತ್ತು. ಬೇಲಿಯ ಕಬ್ಬಿಣ ಹಿಡಿದುಕೊಂಡು ಎಷ್ಟು ಹೊತ್ತು ನಿಂತೆನೋ.

ಕೋಚಿಂಗಿನ ಹಾಜರಿ ಯಂತ್ರದಿಂದ ಅಪ್ಪನ ಫೋನಿಗೆ ಸಂದೇಶ ಹೋಗಿತ್ತು. ನನ್ನ ಫೋನು ಎಲ್ಲಿದೆ ಎಂದು ಅವನ ಫೋನಿನಲ್ಲಿ ಕಾಣುತ್ತಿತ್ತು. ಆಫೀಸಿನಿಂದ ಸ್ಕೂಟರಿನಲ್ಲಿ ನೆಟ್ಟಗೆ ಬಂದ. ಬೈಯುತ್ತಾನೆ ಎಂದುಕೊಂಡೆ, ಬೈದಿದ್ದರೆ ನಾನೂ ಬಾಯಿಬಿಟ್ಟು, ನನಗೆ ಆಗುತ್ತಿಲ್ಲ, ಸಾಕು, ಎಂದು ಹೇಳುತ್ತಿದ್ದೆನೇನೋ. ಅವನು ಬೈಯಲಿಲ್ಲ. ಬೇಲಿಯ ಆಚೆ ಒಂದು ಸಲ ನೋಡಿ, ಹೆಲ್ಮೆಟ್ ನನ್ನ ಕೈಗೆ ಕೊಟ್ಟ.

"ನಿಮ್ಮಜ್ಜಿ ಚಹಾ ಬಿಟ್ಟಾಳವಾ" ಎಂದ, ಅಷ್ಟೇ.

ನಾನು ಹೆಲ್ಮೆಟ್ ಹಾಕಿಕೊಂಡು ಹಿಂದೆ ಕೂತೆ. ಅವನು ನನ್ನನ್ನು ಶಿವಾಜಿನಗರದವರೆಗೆ ಬಿಟ್ಟು ಹೋದ. ಆಮೇಲೆ ಪರೀಕ್ಷೆಯವರೆಗೆ ನಾನು ಒಂದು ದಿನವೂ ತಪ್ಪಿಸಲಿಲ್ಲ. ತಪ್ಪಿಸಬೇಕು ಎನ್ನಿಸುವುದೂ ನಿಂತುಹೋಯಿತು. ಅದು ಇನ್ನೂ ಕೆಟ್ಟದಾಗಿತ್ತು.

ಪರೀಕ್ಷೆ ಬರೆದೆ. ಸಿಗಲಿಲ್ಲ. ದೊಡ್ಡ ಸಂಸ್ಥೆಗಳ ಏರೋಸ್ಪೇಸ್ ಸೀಟು ನನ್ನ ರ‍್ಯಾಂಕಿಗೆ ಎಟಕುವಂತಿರಲಿಲ್ಲ. ಪುಣೆಯಲ್ಲೇ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಫಿಸಿಕ್ಸ್ ಸಿಗುತ್ತಿತ್ತು, ಇನ್ನೊಂದರಲ್ಲಿ ಮೆಕ್ಯಾನಿಕಲ್ ಸಿಗುತ್ತಿತ್ತು. ಯಾವುದಾದರೂ ಆದೀತು, ಗಾಳಿ ಬೆಳಕಿರುವ ತರಗತಿಯಲ್ಲಿ ಕೂತು, ಭಾನುವಾರ ಆ ಮೈದಾನಕ್ಕೆ ಹೋಗಿ, ರೆಕ್ಕೆ ಹಿಡಿದು ಓಡುವ ಕೆಲಸವಾದರೂ ಕಲಿಯುತ್ತೇನೆ ಎಂದು ನಾನು ಒಳಗೊಳಗೇ ಸಮಾಧಾನ ಮಾಡಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಫಲಿತಾಂಶದ ದಿನ ನನಗೆ ಹಗುರವಾಗಿತ್ತು. ಮುಗಿಯಿತಲ್ಲ ಎನ್ನಿಸಿತ್ತು. ಆಗ ಅಪ್ಪ, "ಇರಲಿ ಬಿಡು, ಇನ್ನೊಂದ್ ವರ್ಷ ಕೂಡು. ರಿಪೀಟರ್ ಬ್ಯಾಚ್ ಅದ" ಎಂದ. ಅಜ್ಜಿ ದೇವರ ಕೋಣೆಯಿಂದ, "ನಂದೇನದ, ಇನ್ನೊಂದ್ ವರ್ಷ ಬಿಟ್ರಾತು" ಎಂದಳು. ಇನ್ನೊಂದು ವರ್ಷ ಆ ಬಿಳಿ ಅಂಟಿನ ಕಿಟಕಿಗಳು. ಇನ್ನೊಂದು ವರ್ಷ ಆ ಪೊಟ್ಟಣ. ಬೇಡ ಎಂದು ಹೇಳಲು ಬಾಯಿ ತೆರೆದರೆ ಅಜ್ಜಿಯ ಮುಖ ಕಣ್ಣೆದುರು.

ಮರುದಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಅಮ್ಮ ನನ್ನನ್ನು ಕರೆದು ಬಾಗಿಲು ಎಳೆದು ಮುಚ್ಚಿದಳು. ಕೈಯಲ್ಲಿ ಅಪ್ಪನ ಶರ್ಟು ಹಿಂಡಿದ್ದು ಹಿಂಡಿದಂತೆಯೇ ಇತ್ತು.

"ಸೀಟು ಹೋದದ್ದು ನನ್ನಿಂದ" ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳು ಅಳುತ್ತಳುತ್ತ ಹೇಳಿದಳು. ಅಜ್ಜಿಯ ತಲೆನೋವು ನೋಡಲಾಗದೆ, ಆ ಕಷಾಯದಲ್ಲಿ ಮೊದಲ ದಿನದಿಂದಲೂ ಒಂದು ಚಮಚ ಚಹಾಪುಡಿ ಹಾಕಿ ಕುದಿಸುತ್ತಿದ್ದಳಂತೆ. ಶುಂಠಿ, ಮೆಣಸಿನ ಖಾರದಲ್ಲಿ ಅಜ್ಜಿಗೆ ತಿಳಿಯುವುದಿಲ್ಲ, ತಿಳಿಯದೆ ಕುಡಿದರೆ ಹರಕೆ ಮುರಿಯುವುದಿಲ್ಲ ಎಂದು ಅವಳ ಲೆಕ್ಕ. "ದೇವರು ಬಿಡ್ತಾನೇನ? ನಿನ್ನ ತಲಿ ಮ್ಯಾಲ ಬಂತು ನೋಡು. ನನ್ನ ಕೈಯಾರೆ ನಿನ್ನ ಸೀಟು ಕಳದೆ. ಈ ಸಲ ಒಂದು ಎಲಿ ಸೈತ ಹಾಕಂಗಿಲ್ಲ. ನಿನ್ನ ಕಾಲಿಗೆ ಬೀಳ್ತೀನಿ, ಇನ್ನೊಮ್ಮೆ ಕೂಡು. ಇಲ್ಲಂದ್ರ ಈ ಪಾಪ ನನಗ ಸಾಯೋತನಾ ಅಂಟಿಕೊಂಡು ಇರತದ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಸಿಟ್ಟು ಬಂತು. ಎರಡು ವರ್ಷ ಕತ್ತಲೆಯಲ್ಲಿ ಕೂತು ಓದಿದ್ದು ನಾನು. ಆ ಪರೀಕ್ಷೆಯಲ್ಲಿ ಗೊತ್ತಿದ್ದ ಲೆಕ್ಕಗಳನ್ನು ಗಾಬರಿಯಲ್ಲಿ ತಪ್ಪು ಮಾಡಿದ್ದು ನಾನು. ಈಗ ನೋಡಿದರೆ ನನ್ನ ತಪ್ಪು ಉತ್ತರಗಳೂ ನನ್ನವಲ್ಲ, ಚಹಾಪುಡಿಯವು! "ಅಮ್ಮಾ, ನನ್ನ ರ‍್ಯಾಂಕಿಗೂ ನಿನ್ನ ಕಷಾಯಕ್ಕೂ ಏನ್ ಸಂಬಂಧ?" ಎಂದು ಕೂಗಿದೆ. ಅವಳು ನನ್ನ ಬಾಯಿಗೆ ಒದ್ದೆ ಕೈ ಅಡ್ಡ ಹಿಡಿದಳು. "ಸುಮ್ಮನಿರು, ನಿಮ್ಮಜ್ಜಿಗೆ ಕೇಳ್ಸತದ. ಅವ್ರಿಗೆ ಗೊತ್ತಾದ್ರ ನಾ ಮುಖ ಹ್ಯಾಂಗ ತೋರಸ್ಲಿ?"

ಅಮ್ಮ ಮಾತಿನಂತೆ ನಡೆದಳು. ಕಷಾಯ ಅಪ್ಪಟ ಕಷಾಯವಾಯಿತು. ಅಜ್ಜಿಯ ತಲೆಗೆ ಮತ್ತೆ ಬಟ್ಟೆ ಬಂತು.

ಆ ವಾರದಲ್ಲೇ ಒಂದು ಮಧ್ಯಾಹ್ನ ಅಮ್ಮ ಭಾಜಿ ತರಲು ಕೆಳಗಿಳಿದಿದ್ದಳು. ಅಜ್ಜಿ ಮಂಚದ ಮೇಲೆ ಗೋಡೆಗೊರಗಿ ಕೂತು, ಕಷಾಯದ ಲೋಟ ನನ್ನ ಕಡೆ ಚಾಚಿ, "ಏನವಾ, ನಿಮ್ಮಮ್ಮ ಈಗೀಗ ಪುಡಿ ಹಾಕೂದು ಬಿಟ್ಟಾಳೇನು?" ಎಂದಳು.

"ಯಾವ ಪುಡಿ?" ಎಂದೆ. ನನ್ನ ದನಿ ನನಗೇ ಕಳ್ಳದನಿಯಾಗಿ ಕೇಳಿಸಿತು.

"ಯಾವ್ದಂತ ಕೇಳ್ತಿ? ಚಹಾಪುಡಿ!" ಅಜ್ಜಿ ಹುಬ್ಬು ಗಂಟಿಕ್ಕಿದಳು. "ಇಷ್ಟು ವರ್ಷ ಕುಡದೀನಿ, ನನಗ ವಾಸನಿ ಹತ್ತೂದಿಲ್ಲೇನು? ಮೊದಲನೇ ಗುಟುಕಿಗೇ ಗೊತ್ತಾಗಿತ್ತು. ಪಾಪ, ನನ್ನ ತಲಿನೋವು ನೋಡ್ಲಾರದ ಹಾಕ್ಯಾಳ, ಬ್ಯಾಡ ಅಂದ್ರ ಆಕಿ ಮನಸ್ಸಿಗೆ ಕೆಟ್ಟ ಅನಸ್ತದ ಅಂತ ಸುಮ್ಮ ಕುಡದೆ."

"ಮತ್ತ ಹರಕಿ?" ಎಂದೆ.

"ನಾ ಚಹಾ ಕುಡದೀನೇನು? ಕಷಾಯ ಕುಡದೀನಿ" ಎಂದು ಹೇಳಿ, ಒಂದು ಕ್ಷಣ ನನ್ನ ಮುಖ ನೋಡಿ, ಕಣ್ಣು ಬೇರೆ ಕಡೆ ಹೊರಳಿಸಿದಳು. ತನ್ನ ಮಾತು ತನಗೇ ಹಿಡಿಸಿರಲಿಲ್ಲ. "ಆಕಿಗೆ ಹೇಳಬ್ಯಾಡವಾ. ನನಗ ಗೊತ್ತದ ಅಂತ ಆಕಿಗೆ ಗೊತ್ತಾಗೂದು ಬ್ಯಾಡ. ಭಾಳ ನೊಂದ್ಕೋತಾಳ."

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಅತ್ತೆಗೆ ಹೇಳಬೇಡ ಎಂದು ಸೊಸೆ, ಸೊಸೆಗೆ ಹೇಳಬೇಡ ಎಂದು ಅತ್ತೆ. ಇಬ್ಬರೂ ಒಬ್ಬರ ಮನಸ್ಸು ಇನ್ನೊಬ್ಬರು ಕಾಯಲು ನನ್ನ ಬಾಯಿಗೆ ಬೀಗ ಹಾಕಿದ್ದರು. ಅಮ್ಮನ ಪಾಪ ಕಳೆಯಲು ನಾನು ಇನ್ನೊಂದು ವರ್ಷ ಆ ಕೋಣೆಯಲ್ಲಿ ಕೂರಬೇಕು. ಅಜ್ಜಿಗೆ ಮೊದಲೇ ಗೊತ್ತಿತ್ತು, ಪಾಪವೇ ಆಗಿಲ್ಲ ಎಂದು ಹೇಳಿದರೆ ಅಜ್ಜಿಯ ಮಾನ ಹೋಗುತ್ತದೆ. ನಾನು ನೆಲದ ಮೇಲೆ ಕುಸಿದು ಕೂತು, ಅವಳ ಮಂಚದ ಅಂಚಿಗೆ ಹಣೆಯಿಟ್ಟು, ಜೋರಾಗಿ ಅತ್ತುಬಿಟ್ಟೆ.

"ನನಗ ಇನ್ನೊಂದ್ ವರ್ಷ ಆಗೂದಿಲ್ಲ ಅಜ್ಜಿ. ಖರೇ ಆಗೂದಿಲ್ಲ. ಉಸಿರು ಕಟ್ಟತದ."

ಆ ಮಾತನ್ನು ಜೋರಾಗಿ ಹೇಳಿದ್ದು ಅದೇ ಮೊದಲು. ಅಜ್ಜಿ ನನ್ನ ತಲೆಯ ಮೇಲೆ ಕೈಯಿಟ್ಟು, "ವಿಮಾನ ಬ್ಯಾಡಾದವೇನು?" ಎಂದು ಕೇಳಿದಳು.

"ಬೇಕು! ಬೇಕಂತನ ಹೇಳ್ತೀನಿ. ಇನ್ನೊಂದ್ ವರ್ಷ ಅಲ್ಲಿ ಕೂತ್ರ ಬ್ಯಾಡಾಗ್ತಾವ."

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಅಮ್ಮ ಮೆಂತ್ಯಸೊಪ್ಪಿನ ಚೀಲ ಹಿಡಿದು ಬಂದಳು. ನಾನು ಮುಖ ತೊಳೆಯಲು ಹೋದೆ.

ರಿಪೀಟರ್ ಬ್ಯಾಚಿಗೆ ಹೆಸರು ಕೊಡುವ ಕೊನೆಯ ದಿನ ಅಪ್ಪ ಆಫೀಸಿಗೆ ತಡವಾಗಿ ಹೋಗುವುದಾಗಿ ಹೇಳಿ ಊಟದ ಮೇಜಿನ ಹತ್ತಿರ ಕೂತ. ಕೋಚಿಂಗಿಗೆ ಫೋನು ಮಾಡಿ, ಸ್ಪೀಕರ್ ಹಾಕಿ, ಫೋನನ್ನು ಮೇಜಿನ ಮೇಲಿಟ್ಟ. ಆ ಕಡೆಯ ಹೆಂಗಸು ಮರಾಠಿಯಲ್ಲಿ ಸಮಯ, ಬ್ಯಾಚು, ಟೆಸ್ಟು ಎಂದು ಗಿಳಿಪಾಠ ಒಪ್ಪಿಸುತ್ತಿದ್ದಳು. ಅಮ್ಮ ಅಪ್ಪನ ಕುರ್ಚಿ ಹಿಡಿದು ನಿಂತಿದ್ದಳು. ನಾನು ಎದುರಿಗೆ. ಪರದೆ ಎಳೆದಿತ್ತು.

ಅಜ್ಜಿ ತನ್ನ ಕೋಣೆಯಿಂದ ಹೊರಗೆ ಬಂದಳು. ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ಅಮ್ಮನನ್ನು ನೋಡಿ, ದಿನಾ ಹೇಳುವ ಮಾತಿನಂತೆ, "ಒಂದ್ ಕಪ್ ಚಹಾ ಇಡವಾ" ಎಂದಳು.

ಅಪ್ಪ ತಲೆಯೆತ್ತಿದ. "ಏನಂದಿ ಅವ್ವಾ?"

"ಚಹಾ ಅಂದೆ. ಕಷಾಯದಾಗ ಹಾಕಿ ಕೊಡ್ತಿದ್ದಿ ನೋಡು, ಅದ ಪುಡಿ. ಈ ಸಲ ಹಾಲು ಸಕ್ರಿ ಹಾಕು, ಜೀರಿಗಿ ಬ್ಯಾಡ."

ಅಮ್ಮ ಕುರ್ಚಿಯ ಬೆನ್ನನ್ನು ಇನ್ನೂ ಬಿಗಿಯಾಗಿ ಹಿಡಿದು, "ನಿಮಗ... ನಿಮಗ ಗೊತ್ತಿತ್ತೇನ್ರಿ ಅತ್ತೀ?" ಎಂದಳು.

"ನನ್ನ ನಾಲಿಗಿ ಇನ್ನೂ ಸತ್ತಿಲ್ಲ. ಮೊದಲನೇ ದಿನಾನ ಗೊತ್ತಿತ್ತು. ಗೊತ್ತಿದ್ದ ಕುಡದೆ. ನಿಂದೇನೂ ಪಾಪ ಇಲ್ಲ, ಅಳಬ್ಯಾಡ. ಹರಕಿ ಮುರದಾಕಿ ನಾನು." ಅಜ್ಜಿ ಅಪ್ಪನ ಕಡೆ ತಿರುಗಿದಳು. "ಹರಕಿ ಆವಾಗ ಮುರದು ಹೋಗ್ಯದ. ಮುರದ ಹರಕಿಗೆ ಹುಡುಗಿನ್ನ ಯಾಕ ಕೂಡಸ್ತೀಯೋ?"

"ಹಲೋ? ಸರ್, ನಾವ ಕಾಯ್ ಲಿಹೂ?" ಎಂದು ಫೋನು ಕೇಳಿತು, ಹೆಸರು ಏನು ಬರೆಯಲಿ ಎಂದು.

ಅಪ್ಪ ಅಜ್ಜಿಯನ್ನು ನೋಡಿದ, ಅಮ್ಮನನ್ನು ನೋಡಿದ. ಸಣ್ಣ ದನಿಯಲ್ಲಿ, "ಆಫೀಸಿನ್ಯಾಗ ನಾನೂ ಮ್ಯಾಚ್ ನೋಡ್ತಿದ್ದೆ, ಫೋನಿನ್ಯಾಗ" ಎಂದ. ಯಾರೂ ಅವನನ್ನು ಕೇಳಿರಲಿಲ್ಲ. ಅಮ್ಮ ಸೆರಗಿನಿಂದ ಮೂಗೊರೆಸಿಕೊಂಡು, ತಾನೂ ಮಂಗಳವಾರ ಶುಕ್ರವಾರ ಪಕ್ಕದ ಕಟ್ಟಡದವರ ಮನೆಗೆ ಹೋಗಿ ಹಾಡು ಹೇಳಿಕೊಡುತ್ತಿದ್ದೆನೆಂದಳು. ಪಾಠ ನಿಲ್ಲಿಸಿದರೆ ಹುಡುಗಿಯರ ಕೊರಳು ಕೆಟ್ಟುಹೋಗುತ್ತಿತ್ತಂತೆ.

ಕೊನೆಗೆ ಅಪ್ಪ ನನ್ನನ್ನು ನೋಡಿದ. "ಏನ್ ಹೇಳ್ಲಿ?" ಎಂದು ಕೇಳಿದ. ಅಷ್ಟು ದಿನಗಳಲ್ಲಿ ಅವನು ನನ್ನನ್ನು ಕೇಳಿದ್ದು ಅದೊಂದೇ ಪ್ರಶ್ನೆ.

"ಬ್ಯಾಡ ಅಂತ ಹೇಳು" ಎಂದೆ.

ಅವನು ಫೋನಿಗೆ "ನಕೋ, ಮ್ಯಾಡಮ್" ಎಂದು ಹೇಳಿ ಇಟ್ಟ. ನನಗೆ ಸಂತೋಷವಾಗಬೇಕಾಗಿತ್ತು. ಆಗಲಿಲ್ಲ. ಅಜ್ಜಿ ದಿನಕ್ಕೆ ಎರಡು ಲೋಟ ಕುಡಿದಿದ್ದಳು, ಅಪ್ಪ ಮ್ಯಾಚು ನೋಡಿದ್ದ, ಅಮ್ಮ ಹಾಡಿದ್ದಳು. ಮನುಷ್ಯರು ತಾನೆ, ಮಾಡಲಿ, ನನಗದಕ್ಕೆ ಸಿಟ್ಟಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳಲು ನೋಡಿದೆ. ಸುಳ್ಳು. ಮೈಯೆಲ್ಲ ಉರಿಯುತ್ತಿತ್ತು.

"ಹಂಗಾರ ಈ ಮನ್ಯಾಗ ಖರೇನ ಬಿಟ್ಟಾಕಿ ನಾ ಒಬ್ಬಾಕೀನ?" ಎಂದು ಕೇಳಿದೆ.

ಅಮ್ಮ ಒಲೆ ಹಚ್ಚಿ ಪಾತ್ರೆ ಇಟ್ಟಳು. ಅಜ್ಜಿ ಕೈಯಲ್ಲಿದ್ದ ಬಟ್ಟೆಯನ್ನು ಮಡಚುತ್ತಾ ನಿಂತಳು, ಅಪ್ಪ ಮೇಜಿನ ಮೇಲಿನ ಫೋನು ನೋಡುತ್ತಾ ಕೂತ. ಚಹಾ ಕುದಿದು ಮೇಲೆ ಬರುವ ತನಕ ಮೂವರಲ್ಲಿ ಒಬ್ಬರೂ ನನ್ನ ಮುಖ ನೋಡಲಿಲ್ಲ.